ಭಂಡಾರ ಹಚ್ಚಿದ ಪ್ರಬಂಧ

ನನ್ನ ಅಪ್ಪ ಬೀರಲಿಂಗಪ್ಪ ಪೂಜಾರಿಗೆ ಓದಲು ಬಾರದು. ಆದರೂ ೧೯೭೯ರ ಬೇಸಿಗೆಯಲ್ಲಿ ನನ್ನ ಸಂಶೋಧನೆಯನ್ನು ಬಾದಾಮಿಯಿಂದ ಇಳಕಲ್ಲಿನವರೆಗೆ ಹಂಚಿ ಬಂದವನು ಅವನೇ.

ನಾನು ಬಾಗಲಕೋಟೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಕುರಿಯ ಮೆದುಳಿನಲ್ಲಿ ಒಂದು ಹುಳದ ನೀರುಗುಳ್ಳೆ ಬೆಳೆಯುತ್ತದೆ. ಅಂಥ ಕುರಿ ನಿಂತಲ್ಲೇ ಗಿರಗಿರ ತಿರುಗಿ ಬೀಳುತ್ತದೆ. ಕುರಿಗಾರರ ಮಕ್ಕಳಿಗೆ ಇದೇನು ಹೊಸದಲ್ಲ. ಗುಳ್ಳೆಯ ಸುತ್ತಲಿನ ನರಕೋಶಗಳು ಸತ್ತಿಲ್ಲ, ಬರೀ ಅಪ್ಪಚ್ಚಿಯಾಗಿವೆ, ಗುಳ್ಳೆ ತೆಗೆದರೆ ಕೆಲವು ಮತ್ತೆ ಚೇತರಿಸಿಕೊಳ್ಳುತ್ತವೆ ಎಂದು ಚಿತ್ರಸಹಿತ ತೋರಿಸಿದವಳು ನಾನು. ಆ ಕುರಿಗಳೂ ಅಪ್ಪನವೇ.

ಹುಳಗಳನ್ನು ಕುರಿತ ವಿದೇಶಿ ಪತ್ರಿಕೆಯೊಂದು ಅದನ್ನು ಅಚ್ಚುಮಾಡಿ, ಕೇಳಿದವರಿಗೆ ಕಳಿಸಲೆಂದು ನನ್ನ ಪ್ರಬಂಧದ ಐವತ್ತು ಬಿಡಿ ಪ್ರತಿಗಳನ್ನು ಕೊಟ್ಟಿತು. ಓದಿದವರು ತಮ್ಮ ಪ್ರಬಂಧದಲ್ಲಿ ನಮ್ಮ ಹೆಸರು ಉಲ್ಲೇಖಿಸಬೇಕು. ನಮ್ಮ ದಂಧೆಯಲ್ಲಿ ಕೂಲಿ ಅಂದರೆ ಅದೇ. ಹುಳದ ಪಂಡಿತರು ಆಗಲೇ ಪತ್ರ ಬರೆಯತೊಡಗಿದ್ದರು. ನಾನು ಬರೆದದ್ದು ಮೆದುಳಿನ ವೈದ್ಯರಿಗಾಗಿ, ಅವರಲ್ಲಿ ಒಬ್ಬರೂ ಇತ್ತ ತಿರುಗಿ ನೋಡಿರಲಿಲ್ಲ. ಆ ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇತ್ತು.

ಆಗ ಎಡಿನ್‌ಬರೋದ ನರರೋಗ ವೈದ್ಯ ಮೆಕಾಲಿಸ್ಟರ್ ಅವರ ಪತ್ರ ಕಾಲೇಜಿಗೆ ಬಂತು. ಮೆದುಳಿನ ಮೇಲಿನ ಒತ್ತಡದ ಬಗ್ಗೆ ಅವರು ಪುಸ್ತಕ ಬರೆಯುತ್ತಿದ್ದರು. ಹುಳದ ಪತ್ರಿಕೆ ಅವರ ಆಸ್ಪತ್ರೆಗೆ ಬರುತ್ತಿರಲಿಲ್ಲ. ಒಂದು ಪ್ರತಿ ಕಳಿಸಿ, ಚಿತ್ರ ನೋಡಿ ಒಪ್ಪಿಗೆಯಾದರೆ ಸೇರಿಸುವೆ, ಮುಂದಿನ ತಿಂಗಳು ಪುಸ್ತಕ ಅಚ್ಚಿಗೆ ಹೋಗುತ್ತದೆ ಎಂದಿದ್ದರು. ಪ್ರತಿಗಳ ಗಂಟು ಮಹಾಕೂಟದ ಬಳಿಯ ನಮ್ಮ ಊರಿನ ಮನೆಯಲ್ಲಿತ್ತು. ಓಡಿದೆ. ಟ್ರಂಕು ಖಾಲಿ.

"ಯಪ್ಪಾ, ಎಲ್ಲಿ ಅವು?"

"ಹಂಚಿದೆ. ನಾಕೂ ಮೂಲಿಗೆ ಭಂಡಾರ ಹಚ್ಚಿ, ಎಲಿ ಅಡಕಿ ಇಟ್ಟು, ಮನಿ ಮನಿಗೆ ಕೊಟ್ಟ ಬಂದೇನಿ."

ನಮ್ಮ ಕುಲದೇವರು ಬೀರಪ್ಪನ ಅರಿಶಿನ ಹಚ್ಚಿ, ಥೇಟ್ ಮದುವೆ ಕರೆಯೋಲೆಯ ಹಾಗೆ.

"ಅದೇನು ಲಗ್ನಪತ್ರಿಕಿ ಏನು?"

"ಅಲ್ಲಂತ ನನಗೂ ಗೊತ್ತೈತಿ. ಲಗ್ನ ಒಲ್ಲೆ ಅಂದಿ, ನಾ ಸುಮ್ಮನಾದೆ. ನಿನ್ನ ಹೆಸರು ಅಚ್ಚಾಗಿ ಮನಿಗೆ ಬಂದದ್ದು ಇದೊಂದ. ಮಂದಿಗೆ ಹೇಳಬ್ಯಾಡೇನು?"

ನನಗೆ ಮೈಯೆಲ್ಲ ಉರಿಯಿತು. ಬರಹವನ್ನು ಮತ್ತೆ ಟೈಪು ಮಾಡಬಹುದು, ಚಿತ್ರಗಳನ್ನು ಮಾಡಲಾಗದು. ಅವುಗಳ ಮೂಲಪ್ರತಿ ಪತ್ರಿಕೆಯವರ ಬಳಿಯೇ ಉಳಿದಿತ್ತು, ವಿದೇಶದಿಂದ ತರಿಸಲು ಸಮಯವಿರಲಿಲ್ಲ. ಮರುದಿನ ಅಪ್ಪನನ್ನು ಬಸ್ಸು ಹತ್ತಿಸಿಕೊಂಡು ವಸೂಲಿಗೆ ಹೊರಟೆ.

ಹುನಗುಂದದಲ್ಲಿ ಸೋದರತ್ತೆ ಬೋರವ್ವ ಅದನ್ನು ತನ್ನ ಧಾರೆ ಸೀರೆಯೊಳಗೆ ಮಡಿಸಿಟ್ಟಿದ್ದಳು. ಚಹಾ ಕೊಟ್ಟಳು, ಪೆಟ್ಟಿಗೆ ತೆಗೆಯಲಿಲ್ಲ. "ಕೊಟ್ಟ ಪತ್ರಿಕಿ ತಿರುಗಿ ಕೇಳಬಾರದು ತಂಗಿ, ಶುಭ ಅಲ್ಲ."

ಇಳಕಲ್ಲಿನಲ್ಲಿ ಅಪ್ಪನ ಉಣ್ಣೆ ಕೊಳ್ಳುವ ಮುರ್ತುಜಸಾಬ ಅದನ್ನು ಅಂಗಡಿಯ ಗೋಡೆಗೆ ಬಡಿದಿದ್ದ. ಮೊಳೆ ನನ್ನ ಅತಿ ಚೆಂದದ ನರಕೋಶದ ನಟ್ಟನಡುವೆ ಇಳಿದಿತ್ತು.

"ಕರದವರ ವಾಪಸ್ ಕೇಳಿದ್ರ ಹೆಂಗ್ರಿ ಅಕ್ಕಾರ? ಬಂದವರಿಗೆಲ್ಲ ತೋರಸ್ತೇನಿ, ನಮ್ಮ ಬೀರಲಿಂಗಪ್ಪನ ಮಗಳು ಅಂತ."

ಅಷ್ಟು ಸಿಟ್ಟಿನಲ್ಲೂ ನನ್ನ ಎದೆಯುಬ್ಬಿತು. ಅದರಿಂದ ಇನ್ನಷ್ಟು ಸಿಟ್ಟು ಬಂತು.

ಉಳಿದ ಮನೆಗಳಲ್ಲೂ ಇದೇ ಮಾತು. ಬರಿಗೈಯಲ್ಲಿ ಮನೆಗೆ ಬಂದೆವು. ಅಪ್ಪ ನೇರ ದೇವರ ಜಗಲಿಗೆ ಹೋಗಿ, ಬೀರಪ್ಪನ ಮೂರ್ತಿಯ ಹಿಂದಿನಿಂದ ಒಂದು ಪ್ರತಿ ತೆಗೆದ. ಮೊದಲ ಕರೆಯೋಲೆ ದೇವರಿಗೆ ಕೊಟ್ಟಿದ್ದ. ಮುಖಪುಟ ಪೂರ್ತಿ ಹಳದಿ, ಒಳಗಿನ ಚಿತ್ರಗಳು ಸ್ವಚ್ಛ.

ದೇವರ ಗೊಡವೆಗೇ ಹೋಗದ ನಾನೂ ಹಿಂಜರಿದೆ. "ದೇವರಿಗೆ ಕೊಟ್ಟದ್ದನ್ನ ತಗೀತಾರೇನು ಯಪ್ಪಾ?"

"ಬೀರಪ್ಪ ಓದೂದಿಲ್ಲ. ಆ ಡಾಕ್ಟರ ಓದ್ತಾನ. ಕಳಸು."

ಭಂಡಾರದ ಸಮೇತ ಅಂಚೆಗೆ ಹಾಕಿದೆ.

೧೯೮೦ರಲ್ಲಿ ಪುಸ್ತಕ ಬಂತು. ನನ್ನ ಚಿತ್ರಗಳಿಗೆ ಒಂದು ಇಡೀ ಪುಟ. ಒತ್ತಡ ಇಳಿದರೆ ಮೆದುಳು ಚೇತರಿಸಿಕೊಳ್ಳಬಲ್ಲದು ಎಂಬ ಅವರ ಮಾತಿಗೆ ನಮ್ಮ ಕುರಿಗಳೇ ಸಾಕ್ಷಿ. ಆಮೇಲೆ ಜಪಾನಿನವರು, ಇಟಲಿಯವರು, ವೆಲ್ಲೂರಿನವರು ಒಬ್ಬರ ಹಿಂದೊಬ್ಬರು ಉಲ್ಲೇಖಿಸಿದರು. ಅತ್ತ ಹುಳದವರು, ಇತ್ತ ಮೆದುಳಿನವರು, ಇಬ್ಬರ ಬಾಯಲ್ಲೂ ನನ್ನ ಹೆಸರು. ಹೆಮ್ಮೆಯಾಯಿತು, ಅದನ್ನು ಮುಚ್ಚಿಡುವ ಬುದ್ಧಿ ನನಗಿಲ್ಲ.

ಪುಸ್ತಕವನ್ನು ಊರಿಗೆ ಒಯ್ದೆ. ಜಗಲಿಯಲ್ಲಿ ಬೀರಪ್ಪನ ಹಿಂದಿನ ಜಾಗ ಇನ್ನೂ ಖಾಲಿ ಇತ್ತು. "ಎಲ್ಲೈತಿ ನಿನ್ನ ಹೆಸರು?" ಎಂದ ಅಪ್ಪ.

ತೋರಿಸಿದೆ. "ಪೂಜಾರಿ, ಎಸ್. ಬಿ. ಎಸ್ ಅಂದ್ರ ಸತ್ಯವ್ವ, ನಾನು."

"ಬಿ?"

"ಬೀರಲಿಂಗಪ್ಪ. ಜಗತ್ತಿನ್ಯಾಗ ನನ್ನ ಹೆಸರು ಬರಿಯೂ ಮಂದಿ ಎಲ್ಲಾ ನಿನ್ನ ಹೆಸರೂ ಬರೀತಾರ."

ಅಪ್ಪ ಆ ಅಕ್ಷರದ ಮೇಲೆ ಬೆರಳಾಡಿಸಿದ. ಆಮೇಲೆ ಪುಸ್ತಕವನ್ನು ಆ ಖಾಲಿ ಜಾಗದಲ್ಲಿಟ್ಟು ಕೈಮುಗಿದು, ನಾಲ್ಕೂ ಮೂಲೆಗೆ ಭಂಡಾರ ಹಚ್ಚಿ, ಮತ್ತೆ ತೆಗೆದು ಕಂಬಳಿಯಲ್ಲಿ ಸುತ್ತಿ ಬಗಲಿಗೆ ಇಟ್ಟುಕೊಂಡ.

"ಎಲ್ಲಿಗೆ ಹೊಂಟಿ?"

"ಇಳಕಲ್ಲಿಗೆ. ಮುರ್ತುಜಸಾಬಗ ನನ್ನ ಅಕ್ಷರ ತೋರಿಸಿ ಬರ್ತೇನಿ." ಬಾಗಿಲಲ್ಲಿ ನಿಂತು ತಿರುಗಿ ನೋಡಿದ. "ಕೊಟ್ಟ ಬರೂದಿಲ್ಲ. ಅಂಜಬ್ಯಾಡ."