ಕನ್ನಡಿಗೆ ಬೆನ್ನು

"ನೀರು ಬಿಸಿ ಆಯ್ತಾ ಅತ್ತೆ?"

ಬೇಸಿನ್ನಿನ ಅಂಚಿಗೆ ಕತ್ತು ಕೊಟ್ಟು ಕಣ್ಣು ಮುಚ್ಚಿ ಒರಗಿದ್ದ ಮುದುಕಿ ಉತ್ತರ ಕೊಡಲಿಲ್ಲ. ತಲೆಯ ಹಿಂದೆ ನಿಂತಿದ್ದ ಸೊಸೆ ಬೆರಳ ತುಂಬ ನೊರೆಯಿಟ್ಟುಕೊಂಡು ಇನ್ನೊಮ್ಮೆ ಕೇಳಿದಳು. ಪಾರ್ಲರಿನ ಬಾಗಿಲ ಬಳಿ ಕೂತಿದ್ದ ನಾದಿನಿ ನಿಟ್ಟುಸಿರು ಬಿಟ್ಟಳು.

"ನೋಡಿದ್ರಾ ಅತ್ತಿಗೆ? ದಿನಾ ಹೀಗೇ. ಒಂದು ಕೇಳಿದ್ರೆ ಇನ್ನೊಂದು ಹೇಳ್ತಾಳೆ, ಇಲ್ಲಾಂದ್ರೆ ಗರಬಡಿದೋರ ಥರ ಕೂತಿರ್ತಾಳೆ. ಅರಳುಮರಳು. ನನ್ನ ಕೈಲಂತೂ ಆಗಲ್ಲ. ಸೋಮವಾರ ವೃದ್ಧಾಶ್ರಮಕ್ಕೆ ಬಿಟ್ಟು ಬರ್ತೀನಿ. ಅದಕ್ಕೇ ಕೂದಲು ಗಿಡ್ಡ ಮಾಡ್ಸೋಣ ಅಂತ ಕರ್ಕೊಂಡು ಬಂದೆ."

ಸೊಸೆ ತಲೆ ಒರೆಸಿ ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿದಳು. ಕನ್ನಡಿಯಲ್ಲಿ ಮುಖ ಕಂಡದ್ದೇ ಮುದುಕಿ ಚುರುಕಾದಳು.

"ಎಷ್ಟು ಗಿಡ್ಡ ಮಾಡ್ಲಿ?"

"ಕಿವಿ ಮುಚ್ಚೋ ಹಾಗಿರ್ಲಿ. ಗಂಡುಬೀರಿ ಥರ ಮಾಡ್ಬೇಡ."

ಮಾತು ತಟ್ಟನೆ ಬಂತು. ಕಣ್ಣು ಮಾತ್ರ ಸೊಸೆಯ ತುಟಿ ಬಿಟ್ಟು ಕದಲಲಿಲ್ಲ. ಆ ನೋಟ ಸೊಸೆಗೆ ಚೆನ್ನಾಗಿ ಗೊತ್ತು. ಕತ್ತರಿಯನ್ನು ಅತ್ತೆಯ ಕಿವಿಯ ಹಿಂದಕ್ಕೆ ಒಯ್ದು ಬರೀ ಗಾಳಿಯಲ್ಲಿ ಕಚಕಚ ಆಡಿಸಿದಳು. ಮುದುಕಿಯ ರೆಪ್ಪೆ ಕೂಡ ಅಲುಗಲಿಲ್ಲ.

ಅರಳುಮರಳೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಕಿವುಡು.

ಸೊಸೆಯ ಮಗಳಿಗೂ ಹೀಗೇ ಆಗಿತ್ತು. ಮೂರು ತುಂಬಿದರೂ ಮಾತಿಲ್ಲ, ಕರೆದರೆ ತಿರುಗುವುದಿಲ್ಲ, ಬಟ್ಟೆ ಕ್ಲಿಪ್ಪುಗಳನ್ನು ಸಾಲಾಗಿ ಜೋಡಿಸುತ್ತ ತನ್ನ ಪಾಡಿಗೆ ತಾನು. ಡಾಕ್ಟರು ಆಟಿಸಂ ಎಂದರು. ಕಿವಿಯನ್ನೂ ಒಮ್ಮೆ ತೋರಿಸೋಣ ಎಂದು ಇವಳು ಬಾಯಿಬಿಟ್ಟರೆ ಅತ್ತೆ, "ಬಾಗಿಲು ಬಡಿದ್ರೆ ತಿರುಗ್ತಾಳಲ್ಲ, ಕಿವಿಗೇನು ಧಾಡಿ? ಎಲ್ಲಾ ನಿಮ್ಮ ಕಡೆ ರಕ್ತ" ಎಂದು ಬಾಯಿ ಮುಚ್ಚಿಸಿದ್ದಳು. ಗಂಡ ತಾಯಿಗೆ ಎದುರಾಡಿದವನಲ್ಲ. ನೆಂಟರು ಬಂದರೆ ಮಗು ಉಗ್ರಾಣದೊಳಗೆ, ಹೊರಗಿನಿಂದ ಚಿಲಕ. ಮಗುವಿಗೆ ಏಳು ವರ್ಷವಾದಾಗ ಶಾಲೆಗೆ ಬಂದ ಕಿವಿ ತಜ್ಞೆಯೊಬ್ಬಳು ಪರೀಕ್ಷೆ ಮಾಡಿ ಹೇಳಿದಳು: ದಪ್ಪ ಸದ್ದು ಅಷ್ಟಿಷ್ಟು ಕೇಳುತ್ತದೆ, ಮಾತು ಕೇಳುವುದಿಲ್ಲ. ವಿಷಯ ತಿಳಿದ ಅತ್ತೆ "ಓಹೋ, ಕಿವುಡಿಯಾ" ಎಂದಳು, ಅಷ್ಟೇ. ಗಂಡ ತೀರಿಕೊಂಡ ಮೇಲೆ ಇವಳು ಮಗಳೊಂದಿಗೆ ಬೇರೆಯಾಗಿ ಈ ಪಾರ್ಲರ್ ಇಟ್ಟಿದ್ದಳು.

ಸೊಸೆ ಕುರ್ಚಿಯನ್ನು ಕನ್ನಡಿಗೆ ಬೆನ್ನಾಗುವಂತೆ ತಿರುಗಿಸಿದಳು. ಅತ್ತೆಯ ಹಿಂದೆ ನಿಂತು, ನಾದಿನಿಗೆ ಕೇಳುವಷ್ಟು ಮಾತ್ರ ದನಿ ಮಾಡಿ, "ಅತ್ತೆ, ನಿಮ್ಮ ಮಗಳ ಹೆಸರು ಹೇಳಿ ನೋಡೋಣ" ಎಂದಳು.

ಮುದುಕಿ ಮಗಳನ್ನೇ ನೋಡುತ್ತ ಸುಮ್ಮನೆ ಕೂತಿದ್ದಳು.

"ಅಯ್ಯೋ, ನನ್ನ ಹೆಸರೂ ಮರ್ತುಬಿಟ್ಳಲ್ಲ!" ನಾದಿನಿ ಕರ್ಚೀಫನ್ನು ಬಾಯಿಗೆ ಒತ್ತಿಕೊಂಡಳು.

"ಕಷ್ಟ," ಎಂದಳು ಸೊಸೆ. "ಇನ್ನು ತಡ ಮಾಡ್ಬೇಡಿ. ಅಲ್ಲಿ ಬಾಗಿಲು ಹಾಕಿ ಜೋಪಾನವಾಗಿ ನೋಡ್ಕೋತಾರೆ."

ಸೊಸೆಯ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅವರಿಬ್ಬರೂ ಹೋದ ಮೇಲೆ, ಕಿವಿಗೆ ಯಂತ್ರ ಹಾಕಿಕೊಂಡು ಒಳಗೆ ಕೂದಲ ಬಣ್ಣ ಕಲೆಸುತ್ತಿದ್ದ ಸೊಸೆಯ ಮಗಳು ಬಂದು ನಿಂತಳು. "ಅಜ್ಜಿ ನನ್ನ ಥರಾನೇ ತುಟಿ ನೋಡ್ತಾಳೆ. ಅವಳಿಗೆ ಕಿವಿ ಕೇಳಲ್ಲ."

"ನಂಗೇನು ಗೊತ್ತು," ತಾಯಿ ಗುಡಿಸುತ್ತಲೇ ಅಂದಳು.

"ನನ್ನ ಕಡೆ ತಿರುಗಿ ಹೇಳಮ್ಮ."

ತಾಯಿ ತಿರುಗಿದಳು. ಸುಳ್ಳು ಬಾಯಿಗೆ ಬರಲಿಲ್ಲ. "ಗೊತ್ತು. ಏನೀಗ? ನಿನ್ನನ್ನ ಕೂಡಿಹಾಕಿ ಚಿಲಕ ಹಾಕಿದೋಳು, ಅವಳೂ ಅನುಭವಿಸ್ಲಿ."

"ಉಗ್ರಾಣದೊಳಗೆ ಕೂತಿದ್ದೋಳು ನಾನು, ನೀನಲ್ಲ," ಎಂದಳು ಮಗಳು. "ಅಜ್ಜಿ ಕಿವಿ ತೋರ್ಸಿ ಅಂತ ಸೋದರತ್ತೆಗೆ ಆಗ್ಲೇ ಮೆಸೇಜ್ ಹಾಕ್ದೆ."

"ನನ್ನ ಹೊಟ್ಟೇಲಿ ಹುಟ್ಟಿ ಅವಳ ಕಡೆಗೆ ಸೇರ್ಕೊಂಡ್ಯಾ!" ತಾಯಿ ಪೊರಕೆ ಎಸೆದಳು. ಅಂದು ಊಟಕ್ಕೂ ಮಗಳನ್ನು ಕರೆಯಲಿಲ್ಲ.

ಕೂದಲು ಮತ್ತೆ ಬೆಳೆದಾಗ ಅತ್ತೆ ಬಂದಳು. ಎರಡೂ ಕಿವಿಯ ಹಿಂದೆ ಯಂತ್ರ. "ಫ್ಯಾನು ಇಷ್ಟೊಂದು ಗಲಾಟೆ ಮಾಡುತ್ತಾ?" ಎಂದು ಮೇಲೆ ನೋಡಿ ನಕ್ಕಳು. ನಾದಿನಿ ಅವಳನ್ನು ಬಿಟ್ಟು ಸಾಮಾನು ತರಲು ಹೋದಳು. ಸೊಸೆಯ ಮಗಳು ಅಂದು ಪಾರ್ಲರಿನಲ್ಲಿರಲಿಲ್ಲ.

ಸೊಸೆ ಬಟ್ಟೆ ಹೊದಿಸಿ, ಕನ್ನಡಿಯಲ್ಲಿ ತನ್ನ ಮುಖ ಕಾಣದಂತೆ ಬಗ್ಗಿದಳು.

"ಕೇಳ್ತಿದೆಯಾ ಅತ್ತೆ?"

"ಕೇಳ್ತಿದೆ ಕಣೇ, ಚೆನ್ನಾಗಿ ಕೇಳ್ತಿದೆ."

"ಹಾಗಾದ್ರೆ ಕೇಳಿ."

ಮೆಲ್ಲಗೆ, ಒಂದೊಂದೇ ಮಾತು ಬಿಡಿಸಿ ಹೇಳತೊಡಗಿದಳು. ಮಗು ಉಗ್ರಾಣದ ಬಾಗಿಲನ್ನು ಒಳಗಿನಿಂದ ಉಗುರಿನಲ್ಲಿ ಕೆರೆದದ್ದು. ಕೆರೆದ ಗುರುತಿನ ಮೇಲೆ ಅತ್ತೆ ಬಣ್ಣ ಬಳಿಸಿದ್ದು. ತನ್ನ ಕಿವಿಯ ಯಂತ್ರ ತೆಗೆದಿಟ್ಟ ಮೇಲೆ ಕತ್ತಲಾದರೆ ತಾನು ಎಲ್ಲೂ ಇಲ್ಲ ಅನ್ನಿಸುತ್ತದೆಂದು ಮಗಳು ಇಂದಿಗೂ ದೀಪ ಆರಿಸದೆ ಮಲಗುವುದು.

"ಕಿವುಡಿ ಅಂದ್ರಲ್ಲ, ಆ ಕಿವುಡೀನೇ ನಿಮ್ಮನ್ನ ಉಳಿಸ್ಕೊಂಡಿದ್ದು. ನಾನಲ್ಲ. ನಾನು ನಿಮ್ಮನ್ನ ಕಳಿಸೋಕೇ ನಿಂತಿದ್ದೆ. ಗೊತ್ತಿದ್ದೂ ಗೊತ್ತಿದ್ದೂ."

ಹೊದಿಸಿದ ಬಟ್ಟೆಯ ಕೆಳಗಿನಿಂದ ಮುದುಕಿಯ ಕೈ ಹೊರಬಂತು. ಕಿವಿಯ ಯಂತ್ರದವರೆಗೆ ಏರಿತು. ಸೊಸೆ ತಡೆಯಲಿಲ್ಲ, ಮಾತು ನಿಲ್ಲಿಸಲೂ ಇಲ್ಲ. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ಆಮೇಲೆ ಯಂತ್ರವನ್ನು ಕಳಚದೆ, ಕೆನ್ನೆಗೆ ಅಂಟಿದ್ದ ಒಂದು ಬಿಳಿಕೂದಲನ್ನು ತೆಗೆದುಕೊಂಡು ಮತ್ತೆ ಬಟ್ಟೆಯೊಳಕ್ಕೆ ಇಳಿಯಿತು.