ಮುಖ ತೂಗುವ ಕಾಟಾ

ಟ್ಯಾಬಿನಲ್ಲಿ ಎರಡು ಮುಖಗಳು ಮಿಂಚಿ ಮಾಯವಾದವು. ಒಂದು ಸುಮ್ಮನಿತ್ತು, ಇನ್ನೊಂದು ಸಿಟ್ಟಿನದು. ಒಂದರ ಜಾಗದಲ್ಲಿ, ಎಡಕ್ಕೆ, ಚುಕ್ಕಿ ಬಂತು; ಬಂದ ಕಡೆ ಬೇಗ ಒತ್ತಬೇಕು. ಸುಂದರಾ ಎಡ ಹೆಬ್ಬೆರಳು ಒತ್ತಿ, ತಡವಾಯಿತೇನೋ ಎಂದು ಅತ್ತೆಯ ಕಡೆ ಕಳ್ಳನೋಟ ಬೀರಿದಳು.

ಅತ್ತೆ ಗಂಗೂಬಾಯಿ ಕೂಸನ್ನು ಎದೆಗವಚಿಕೊಂಡು ಕೂತಿದ್ದಳು. ಹೆರಿಗೆಯಾದ ಮೇಲೆ ಸುಂದರಾಗೆ ಮಂಕು ಕವಿದು, ಕೂಸು ಅತ್ತರೂ ಏಳುತ್ತಿರಲಿಲ್ಲ. ಗುಳಿಗೆ ತಿಂದು ಈಗ ಹಗುರಾಗಿದ್ದಾಳೆ. ಆದರೂ ಹಾಲೂಡಿಸಿದ್ದೇ ತಡ, ಅತ್ತೆ ಕೂಸನ್ನು ಎತ್ತಿಕೊಂಡುಬಿಡುತ್ತಾಳೆ. "ಮಷೀನು ಸರಿ ಅನ್ನಲಿ, ಆಮ್ಯಾಲ ನಿನ್ನ ಹಂತ್ಯಾಕ ಮಲಗಸ್ತೇನಿ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದ್ದಳು. ಅಂದಿನಿಂದ ಸುಂದರಾಗೆ ಯಾರು ನಕ್ಕರೂ ಗುಮಾನಿ, ನಗದಿದ್ದರೂ ಗುಮಾನಿ. ಮನಸ್ಸಿನ ಕಾಯಿಲೆಯ ಸಂಶೋಧನೆಗೆಂದು ಶಿರಗುಪ್ಪಿಗೆ ಎರಡನೆಯ ಸಲ ಬಂದ ಈ ಮೆಹೆಕಳ ಮೇಲಂತೂ ಇನ್ನೂ ಹೆಚ್ಚು.

"ಏನ್ ಬಂತ ಬೇ?" ಗಂಗೂಬಾಯಿ ಬಿಡಲಿಲ್ಲ.

ಮೆಹೆಕ ತಡವರಿಸಿದಳು. "ಒತ್ತಿದ ವ್ಯಾಳ್ಯಾ ನೋಡಿದ್ರ, ಹೋದ ವಾರ ಅಕ್ಕಾರ ಕಣ್ಣು ಸಿಟ್ಟಿನ ಮಾರಿ ಕಡೇನ ಹೋಗತಿತ್ರಿ. ಇವತ್ತ ಹಂಗಿಲ್ಲ. ಎರಡೂ ಸಲದ್ದು ತಾಳೆ ಆಗವೊಲ್ದು."

ಕೂಸು ಕೈತಪ್ಪಿ ಹೋಯಿತು ಎಂದುಕೊಂಡಳು ಸುಂದರಾ.

"ನೋಡ್, ಅಕಿ ತಲಿ ಇನ್ನೂ ನೆಟ್ಟಗಾಗಿಲ್ಲ!"

"ಅಯ್ಯ, ಹಂಗಲ್ರಿ ಆಯಿ. ನಾವು ಅಕ್ಕಾರನ್ನ ತೂಗಾಕತ್ತಿಲ್ರಿ, ಈ ಮಷೀನಿನ ಕಾಟಾ ಸರಿ ಐತೋ ಇಲ್ಲೋ ನೋಡಾಕತ್ತೇವಿ. ಒಂದ ಟ್ರಾಲಿ ಕಬ್ಬು ಎರಡು ಸಲ ತೂಗಿದಾಗ ಎರಡು ತೂಕ ಬಂದ್ರ ಯಾರ ಮ್ಯಾಲ ಸಂಶೆ ಪಡ್ತೀರಿ?"

"ಕಾಟಾದ ಮ್ಯಾಲ" ಎಂದುಬಿಟ್ಟಳು ಗಂಗೂಬಾಯಿ. ಕಬ್ಬು ಬೆಳೆದವರ ಬಾಯಲ್ಲಿ ಬೇರೆ ಉತ್ತರ ಬರುವುದುಂಟೆ? ಆದರೆ ಸೋಲೊಪ್ಪುವ ಹೆಂಗಸಲ್ಲ. "ಇಬ್ಬರೂ ಕೂಡಿ ನನ್ನ ಕಣ್ಣಿಗೆ ಮಣ್ಣು ಎರಚಾಕತ್ತೀರಿ. ತಾ ಇಲ್ಲೆ, ನಾನ ನೋಡ್ತೇನಿ."

ಟ್ಯಾಬನ್ನು ಒಂದೇ ಕೈಯಲ್ಲಿ ಹಿಡಿದಳು.

"ಎರಡೂ ಹೆಬ್ಬೊಟ್ಟು ಬೇಕ್ರಿ."

ಗಂಗೂಬಾಯಿ ಸುತ್ತ ನೋಡಿದಳು. ತೊಟ್ಟಿಲ ಬಟ್ಟೆ ಒಣಗಲು ಹಾಕಿತ್ತು, ಕೂಸನ್ನು ಅಲ್ಲಿ ಮಲಗಿಸುವಂತಿರಲಿಲ್ಲ. ಮೆಹೆಕ ಪರಕೀಯಳು. ಸುಂದರಾ ಬಾಯಿಬಿಟ್ಟು ಕೇಳಲಿಲ್ಲ, ಕೇಳಿದರೆ ಅತ್ತೆ ಬಿಗಿಯಾಗುತ್ತಾಳೆಂದು ಗೊತ್ತು. ಚಕ್ಕಳಮಕ್ಕಳ ಹಾಕಿ, ಸೆರಗು ಸರಿಮಾಡಿಕೊಂಡು ಕೂತಳು.

"ಹಿಡಿ ಹಂಗಾರ. ಕುತ್ತಿಗಿ ಹುಷಾರ."

ಮುಖಗಳು ಮಿಂಚಿದವು. ಬಲಕ್ಕೆ ಚುಕ್ಕಿ ಬಂತು.

"ಒತ್ತರಿ ಆಯಿ," ಎಂದಳು ಮೆಹೆಕ.

ಗಂಗೂಬಾಯಿ ಒತ್ತಲಿಲ್ಲ. ಅವಳ ಕಣ್ಣು ಸೊಸೆಯ ಮುಖದ ಮೇಲಿತ್ತು. ಸುಂದರಾ ಅತ್ತೆಯ ಮುಖ ಹೇಗಿದೆಯೆಂದು ನೋಡುವುದನ್ನೇ ಮರೆತು, ಕೂಸಿನ ಬಿಗಿದ ಮುಷ್ಟಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು.