ತಟಸ್ಥರು: ಒಬ್ಬರು

ಮತಕ್ಕೆ ಕೈ ಎತ್ತುವ ಮೊದಲು ವೆತೂರಿಯಾ ಕೋಜಾನು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕತ್ತು ಹೊರಳಿಸಿ ನೋಡುತ್ತಿದ್ದರು. ಪಕ್ಕದವರ ಕೈ ಎತ್ತ ಹೋಗುತ್ತದೆಂದು ಕದ್ದು ನೋಡುವ ನೋಟ ಅದಲ್ಲ. ಮೂವತ್ತೊಂದು ವರ್ಷ ಟ್ರಾಮ್ ಓಡಿಸಿದ ಹೆಂಗಸು, ನಿಲ್ದಾಣ ಬಿಡುವ ಮುನ್ನ ಎರಡೂ ಬದಿಯ ಕನ್ನಡಿಗಳಲ್ಲಿ, ಬಾಗಿಲಿಗೆ ಯಾರ ಕೋಟಿನ ಅಂಚಾದರೂ ಯಾವ ಮುದುಕಿಯ ಕೈಚೀಲವಾದರೂ ಸಿಕ್ಕಿಕೊಂಡಿದೆಯೇ ಎಂದು ಪರೀಕ್ಷಿಸುವ ನೋಟ ಅದು. ಅಷ್ಟು ಹೊತ್ತಿಗೆ ಅಧ್ಯಕ್ಷರು ಕೈಗಳನ್ನು ಎಣಿಸಿ ಮುಗಿಸಿರುತ್ತಿದ್ದರು. ನಗರದ ಮಹಾಸಭೆಯ ನಡಾವಳಿ ಬರೆಯುವ ಗುಮಾಸ್ತನಾದ ನಾನು ಹಾಳೆಯ ಅಂಚಿನಲ್ಲಿ ಇನ್ನೊಂದು ಮತವನ್ನು ತಿದ್ದಿ ಸೇರಿಸಬೇಕಾಗುತ್ತಿತ್ತು.

ನಡೆಯುವಾಗ ಪಾದಗಳನ್ನು ಅಗಲವಾಗಿ ಊರಿ, ಅಮೃತಶಿಲೆಯ ನೆಲವೂ ಯಾವ ಗಳಿಗೆಯಲ್ಲಾದರೂ ತಿರುವು ತೆಗೆದುಕೊಂಡೀತು ಎಂಬಂತೆ ನಡೆಯುತ್ತಿದ್ದರು. ಮೈಮೇಲೆ ಸಾರಿಗೆ ಇಲಾಖೆಯ ಹಳೆಯ ನೀಲಿ ಕೋಟು. ನಿವೃತ್ತಿಯ ದಿನ ಹಿತ್ತಾಳೆಯ ಗುಂಡಿಗಳನ್ನು ಇಲಾಖೆಗೆ ಒಪ್ಪಿಸಿದ್ದರಿಂದ ಅದಕ್ಕೆ ಒಂದೊಂದು ಬಣ್ಣದ ಐದು ಗುಂಡಿಗಳು. ಜೇಬಿನಲ್ಲಿ ಎಳ್ಳು ಹಚ್ಚಿದ ಕೊವ್ರಿಗ್ ಬಳೆರೊಟ್ಟಿ ಸದಾ ಇರುತ್ತಿತ್ತು. ಯಾವ ಚರ್ಚೆ ಬಂದರೂ ಅವರದು ಒಂದೇ ಪ್ರಶ್ನೆ: “ಇದು ಯಾರ ಕೈಲಿದೆ?”

ನಮ್ಮಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ಡಾನ್ಯೂಬ್ ಬಯಲಿನ ಈ ನಗರಕ್ಕೆ ಮೇಯರುಗಳು ಏಳು ಮಂದಿ: ಆರು ವಿಭಾಗಗಳಿಗೆ ಆರು, ಅವರೆಲ್ಲರ ಮೇಲೆ ಒಬ್ಬರು. ಒಂದೊಂದು ವಿಭಾಗಕ್ಕೂ ಇಪ್ಪತ್ತೇಳು ಜನರ ಸಭೆ. ಮೇಲೆ ಐವತ್ತೈದು ಜನರ ಮಹಾಸಭೆ. ಹೆಬ್ಬೀದಿ, ಟ್ರಾಮ್, ನೀರು ಮಹಾಸಭೆಗೆ. ಅಡ್ಡಬೀದಿ, ಶಿಶುವಿಹಾರ, ಕಸ ವಿಭಾಗಕ್ಕೆ. ಹೆಬ್ಬೀದಿಯಲ್ಲಿ ಬಿದ್ದ ಅಡ್ಡಬೀದಿಯ ಕಸ ಯಾರಿಗೆ ಸೇರಿದ್ದು ಎಂಬ ಬಗ್ಗೆ ಎರಡು ಆಯೋಗಗಳು ಕೂತೆದ್ದಿವೆ. ವೆತೂರಿಯಾ ಮಹಾಸಭೆಗೆ ಬಂದದ್ದೂ ಇಂಥದೇ ಒಂದು ಗೋಜಲಿನಿಂದ. ಟ್ರಾಮ್ ಕಾರ್ಮಿಕರ ಓಟಿನ ಆಸೆಗೆ ಅವರ ಪಕ್ಷ ತನ್ನ ಪಟ್ಟಿಯ ತುದಿಯಲ್ಲಿ ಅವರ ಹೆಸರನ್ನು ಸೇರಿಸಿತ್ತು. ಗೆದ್ದವರಲ್ಲಿ ಒಬ್ಬರು ರಾಜೀನಾಮೆ ಕೊಟ್ಟರು, ಪಟ್ಟಿಯ ಕ್ರಮದಂತೆ ಆ ಕುರ್ಚಿಗೆ ಬರಬೇಕಾದ ಮುಂದಿನ ಮೂವರು ಬೇರೆ ಬೇರೆ ಹುದ್ದೆಗಳಿಗೆ ಹೋಗಿಬಿಟ್ಟಿದ್ದರು. ಒಂದು ಬೆಳಗ್ಗೆ ನಿದ್ದೆಗಣ್ಣಿನ ಹೆಂಗಸಿನ ಕೈಗೆ ಅಂಚೆಯವನು ಸದಸ್ಯತ್ವದ ಪತ್ರ ಕೊಟ್ಟು ಸಹಿ ಹಾಕಿಸಿಕೊಂಡ.

“ಈ ಬೀದೀಲೇ ಮೂವತ್ತೊಂದು ವರ್ಷ ಹೋಗಿಬಂದಿದೀನಿ. ಎಲ್ಲಿ ಯಜಮಾನ ಬದಲಾದ ಅಂತ ಗಾಡಿ ಒಂದ್ಸಲಾನೂ ಕುಲುಕಲಿಲ್ಲ,” ಎಂದು ನನಗೊಮ್ಮೆ ಹೇಳಿದ್ದರು.

ಸದಸ್ಯರಾಗಿ ಅವರು ಬಯಸಿದ್ದು ಒಂದನ್ನೇ. ಅವರ ನೆರೆಯ ಸಫ್ತಾ ಎಂಬ ವಿಧವೆ ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗಾಗಿ ಹೆಬ್ಬೀದಿಯ ಆಚೆ ಬದಿಯ ಆಸ್ಪತ್ರೆಗೆ ಹೋಗಬೇಕು. ಹೋಗುವಾಗ ಹೇಗೋ ದಾಟುವಾಕೆ, ಬರುವಾಗ ಕಾಲಲ್ಲಿ ತ್ರಾಣವಿಲ್ಲದೆ ರಸ್ತೆಯ ನಡುವೆ ನಿಂತುಬಿಡುತ್ತಿದ್ದಳು. ಕಾರುಗಳು ಎರಡೂ ಕಡೆಯಿಂದ ಹಾರನ್ ಹಾಕುತ್ತ ಸವರಿಕೊಂಡು ಹೋಗುತ್ತಿದ್ದವು. ಅಲ್ಲೊಂದು ಸಿಗ್ನಲ್ ದೀಪ ಬೇಕೆಂದು ವೆತೂರಿಯಾ ಮನೆಮನೆ ಮೆಟ್ಟಿಲು ಹತ್ತಿ ಮುನ್ನೂರ ಹನ್ನೆರಡು ಸಹಿ ಕೂಡಿಸಿ ಅರ್ಜಿ ಹಾಕಿದರು. ದೀಪ ಹಾಕಲು ವಿಭಾಗ ಸಿದ್ಧವಿತ್ತು. ಆದರೆ ರಸ್ತೆ ಮಹಾಸಭೆಯದು. ಆದ್ದರಿಂದ ಆ ತುಂಡು ರಸ್ತೆಯನ್ನು ಮೊದಲು ವಿಭಾಗದ ಕೈಗೆ ಕೊಡಬೇಕೆಂದು ಕಾನೂನು ಶಾಖೆ ಬರೆಯಿತು. ಕಡತ ಮೂರು ಸಮಿತಿಗಳನ್ನು ಹಾದು ಎಂಟು ತಿಂಗಳ ಮೇಲೆ, ಒಂದು ಗುರುವಾರ ಮಧ್ಯಾಹ್ನ, ಕಾರ್ಯಸೂಚಿಯ ನಲವತ್ತೇಳನೇ ವಿಷಯವಾಗಿ ಸಭೆಗೆ ಬಂತು: “ಹೆಬ್ಬೀದಿಯ ಸರಪಳಿ ೧೨೪೦ರಿಂದ ೧೨೮೬ರವರೆಗಿನ ಭಾಗದ ನಿರ್ವಹಣಾಧಿಕಾರವನ್ನು ನಾಲ್ಕನೇ ವಿಭಾಗಕ್ಕೆ ಹಸ್ತಾಂತರಿಸುವ ಕುರಿತು.”

ಸರಪಳಿ ಎಂದರೆ ರಸ್ತೆಯ ಆರಂಭದಿಂದ ಮೀಟರಿನಲ್ಲಿ ಅಳೆದ ದೂರ. ಆ ಸಾಲಿನಲ್ಲಿ ದೀಪವಿರಲಿಲ್ಲ, ಆಸ್ಪತ್ರೆಯಿರಲಿಲ್ಲ, ಸಫ್ತಾ ಇರಲಿಲ್ಲ. ಆ ಸಾಲನ್ನು ಟೈಪ್ ಮಾಡಿದವನು ನಾನೇ. ಒಳಗಿರುವುದೇನೆಂದು ನನಗೆ ಗೊತ್ತಿತ್ತು. ಅವರಿಗೂ ಗೊತ್ತಿದ್ದೀತು ಎಂದುಕೊಂಡೆನೋ, ಗುಮಾಸ್ತ ಬಾಯಿ ಹಾಕಬಾರದು ಎಂದುಕೊಂಡೆನೋ, ಇಂದಿಗೂ ಸ್ಪಷ್ಟವಾಗಿ ಹೇಳಲಾರೆ.

ಅಧ್ಯಕ್ಷರು ಓದಿದರು. ಹೆಬ್ಬೀದಿಯ ಒಂದಂಗುಲವನ್ನೂ ಬಿಟ್ಟುಕೊಡಬಾರದೆಂಬ ಹಟವಿದ್ದ ಗುಂಪೊಂದು ವಿರೋಧಿಸಿತು. ವೆತೂರಿಯಾ ಹಾಳೆಯನ್ನು ಎರಡು ಸಲ ಓದಿದರು, ಕೈಯನ್ನು ಮೇಜಿನ ಮೇಲೇ ಇಟ್ಟರು. ತಟಸ್ಥರು ಯಾರಾದರೂ ಇದ್ದೀರಾ ಎಂದಾಗ ಮಾತ್ರ ಎತ್ತಿದರು. ಪರ ಇಪ್ಪತ್ತೇಳು, ವಿರೋಧ ಹದಿಮೂರು, ತಟಸ್ಥರು ಒಬ್ಬರು. ನಿರ್ಣಯ ಬಿದ್ದುಹೋಯಿತು.

ಮರುದಿನ ಅರ್ಜಿಯ ಗತಿ ಏನಾಯಿತೆಂದು ವಿಚಾರಿಸಲು ಅವರು ನನ್ನ ಕೋಣೆಗೇ ಬಂದರು. ಹೇಳದೆ ವಿಧಿಯಿರಲಿಲ್ಲ. ನಲವತ್ತೇಳನೆಯದೇ ಅದು ಎಂದೆ. ಅವರು ನಡಾವಳಿಯ ಹಾಳೆಯನ್ನು ತಮ್ಮತ್ತ ತಿರುಗಿಸಿಕೊಂಡು ಅಂಕಿಗಳ ಮೇಲೆ ಬೆರಳಿಟ್ಟರು.

“ಇಪ್ಪತ್ತೇಳು ಹೆಚ್ಚೋ, ಹದಿಮೂರು ಹೆಚ್ಚೋ?”

“ಇಪ್ಪತ್ತೇಳೇ ಹೆಚ್ಚು, ಕೋಜಾನು ಅವರೇ. ಆದರೆ ನಗರದ ಆಸ್ತಿ ಕೈ ಬದಲಾಗೋದಕ್ಕೆ ಒಟ್ಟು ಐವತ್ತೈದರಲ್ಲಿ ಇಪ್ಪತ್ತೆಂಟು ಬೇಕು. ಬಾರದೆ ಇದ್ದವರೂ ಲೆಕ್ಕಕ್ಕೆ ಬರ್ತಾರೆ.”

“ನಾನು ಬೇಡ ಅನ್ನಲಿಲ್ವಲ್ಲ. ಅರ್ಥ ಆಗಲಿಲ್ಲ, ಅದಕ್ಕೇ ಸುಮ್ಮನಿದ್ದೆ. ತಿಳೀದೇ ಇರೋದಕ್ಕೆ ಕೈ ಎತ್ತೋದು ಮೋಸ ಅಲ್ವಾ?”

“ಸುಮ್ಮನಿದ್ದರೂ ಅದು ಬೇಡ ಅಂದ ಹಾಗೇ ಆಗುತ್ತೆ.”

“ಹಾಗಾದ್ರೆ ಆ ಮೂರನೇದು ಯಾಕಿಟ್ಟಿದೀರಿ?”

ಬೇರೆ ಯಾರೇ ಆಗಿದ್ದರೂ ತಪ್ಪನ್ನು ಆ ಹದಿಮೂರು ಜನರ ತಲೆಗೆ ಕಟ್ಟಿ ಮನೆಗೆ ಹೋಗುತ್ತಿದ್ದರು. ಇವರು ನೆಟ್ಟಗೆ ಸಫ್ತಾಳ ಮನೆಗೆ ಹೋಗಿ, ನಿನ್ನ ದೀಪ ಬೀಳಿಸಿದ್ದು ನಾನೇ ಎಂದು ಹೇಳಿಕೊಂಡರು. ಆಕೆ ಪ್ಲಮ್ ಹಣ್ಣಿನ ಮುರಬ್ಬವನ್ನು ಬಟ್ಟಲಿಗೆ ಹಾಕುತ್ತಿದ್ದಳಂತೆ. ಹಾಕುವುದನ್ನು ನಿಲ್ಲಿಸದೆ, “ಟ್ರಾಮ್ ಓಡಿಸುವಾಗ ಒಂದು ಬೆಕ್ಕನ್ನೂ ಗುದ್ದಿದವಳಲ್ಲ ನೀನು, ವೆತೂರಿಯಕ್ಕ. ಕುರ್ಚಿ ಮೇಲೆ ಕೂತು ನನ್ನನ್ನೇ ಗುದ್ದಿದೆಯಲ್ಲ,” ಎಂದಳಂತೆ. ಇದನ್ನು ನನಗೆ ಹೇಳುವಾಗ ವೆತೂರಿಯಾ ನಗಲು ಹೋದರು, ಆಗಲಿಲ್ಲ.

ಆಮೇಲೆ ಶುರುವಾಯಿತು ಅಲೆದಾಟ. ವಿಭಾಗದವರು ಮಹಾಸಭೆಯನ್ನು ತೋರಿಸಿದರು. ಬಿದ್ದ ನಿರ್ಣಯವನ್ನು ಮಂಡಿಸಿದವರೇ ಮತ್ತೆ ಮಂಡಿಸಬೇಕೆಂದು ಮಹಾಸಭೆಯ ಕಚೇರಿ ಹೇಳಿತು. ಮಂಡಿಸಿದವರು ಮೇಲಿನ ಮೇಯರ್. ಅವರ ಕಚೇರಿಯೋ, ವಿಭಾಗದಿಂದ ಹೊಸ ಕೋರಿಕೆ ಬರಲೆಂದಿತು. ಆ ತಿಂಗಳುಗಳಲ್ಲಿ ಸಫ್ತಾಳನ್ನು ವಾರಕ್ಕೆ ಮೂರು ದಿನವೂ ಕೈಹಿಡಿದು ದಾಟಿಸಿದವರು ಇವರೇ. ಸಭೆಯಲ್ಲಂತೂ ಒಂದೊಂದು ವಿಷಯಕ್ಕೂ ಎದ್ದುನಿಂತು, ಈ ಸರಪಳಿಯ ಮಗ್ಗುಲಲ್ಲಿ ಏನಿದೆ, ಅಂಗಡಿಯೋ ಶಾಲೆಯೋ, ಅಲ್ಲಿ ಯಾರು ಓಡಾಡುತ್ತಾರೆ ಎಂದು ಕೇಳತೊಡಗಿದರು. ಎರಡು ಗಂಟೆಯ ಸಭೆ ಐದಕ್ಕೆ ಬೆಳೆಯಿತು. ಅವರ ಪಕ್ಷದವರೇ ಕೋಟು ಹಿಡಿದು ಎಳೆದು ಕೂರಿಸಿದ್ದನ್ನು ಕಂಡಿದ್ದೇನೆ. ಆದರೆ ವಿಚಿತ್ರವೆಂದರೆ, ಅವರು ಕೇಳಿದಾಗ ಅಧ್ಯಕ್ಷರಿಗೂ ಉತ್ತರ ಗೊತ್ತಿರುತ್ತಿರಲಿಲ್ಲ. ಅಧ್ಯಕ್ಷರು ಶಾಖೆಯವರತ್ತ, ಶಾಖೆಯವರು ನನ್ನತ್ತ ನೋಡುತ್ತಿದ್ದರು.

ಐದು ತಿಂಗಳ ಮೇಲೆ ಅದೇ ವಿಷಯ ಮರಳಿ ಬಂತು. ಈ ಸಲ ಶೀರ್ಷಿಕೆಯಲ್ಲಿ “ಆಸ್ಪತ್ರೆಯ ಎದುರಿನ” ಎಂಬೊಂದು ಪದಪುಂಜವನ್ನು ಯಾರನ್ನೂ ಕೇಳದೆ ನಾನೇ ಸೇರಿಸಿದ್ದೆ. ಪರ ಮೂವತ್ತನಾಲ್ಕು. ಕಂಬ ನಿಂತಿತು. ಆದರೆ ಕಂಬ ವಿಭಾಗದ್ದು, ವಿದ್ಯುತ್ ಮಹಾಸಭೆಯದು. ಮೂರು ವಾರ ಅದು ಹಳದಿಯನ್ನೇ ಮಿಟುಕಿಸಿತು. ಒಂದು ಮಂಗಳವಾರ ಹಸಿರು ಬಂತು, ಸಫ್ತಾ ಒಬ್ಬಳೇ ದಾಟಿದಳು. ಯಾರು ಸರಿಮಾಡಿದರೆಂದು ವೆತೂರಿಯಾ ವಿಚಾರಿಸಿದರು. ಎರಡೂ ಕಚೇರಿಗಳು ತಾವಲ್ಲ ಎಂದವು.

ಮುಂದಿನ ಚುನಾವಣೆಯ ಪಟ್ಟಿಯ ತುದಿಯಲ್ಲೂ ಅವರ ಹೆಸರಿರಲಿಲ್ಲ.

ಇಂಥವರು ನಗರಗಳನ್ನು ಆಳುವುದಿಲ್ಲ. ಆಳುವವರು ಯಾರು ಎಂದರೆ, ಹನ್ನೊಂದು ವರ್ಷ ನಡಾವಳಿ ಬರೆದ ನಾನೂ ಖಚಿತವಾಗಿ ಹೇಳಲಾರೆ. ಕಲಿತವರು ತಮ್ಮ ಗೊಂದಲವನ್ನು ಪರಿಭಾಷೆಯೊಳಗೆ ಮಡಿಸಿಟ್ಟು ಸಭೆಯನ್ನು ಹೊತ್ತಿಗೆ ಸರಿಯಾಗಿ ಮುಗಿಸುತ್ತಾರೆ. ಇಂಥವರು ಗೊಂದಲವನ್ನು ಎಲ್ಲರೆದುರು ಬಿಚ್ಚಿ ಹರಡಿ, ಪ್ರತಿಯೊಬ್ಬರೂ ತಮ್ಮ ಪಾಲನ್ನು ಗುರುತಿಸುವಂತೆ ಮಾಡುತ್ತಾರೆ, ಅದಕ್ಕಾಗಿ ಯಾರೂ ಅವರನ್ನು ಕ್ಷಮಿಸುವುದಿಲ್ಲ. ತಿಳಿಯದೆಯೇ ಕೈ ಎತ್ತಿದವರ ಹೆಸರುಗಳಿಂದ ನನ್ನ ಕಡತಗಳು ತುಂಬಿವೆ. ತಿಳಿಯಲಿಲ್ಲ ಎಂದು ಬಾಯಿಬಿಟ್ಟು ಹೇಳಿದವರನ್ನು ಬರೆದುಕೊಳ್ಳಲು ಮಾತ್ರ ಅವುಗಳಲ್ಲಿ ಕಾಲಂ ಇಲ್ಲ.